ಒಂಬತ್ತು ಸೀಟಿನ ಹನಿಮೂನು

ನಾನು ಡರ್ಬಿಯಲ್ಲಿ ವಿಮಾನದ ಎಂಜಿನ್ನುಗಳ ಕೆಲಸ ಮಾಡುವವನು. ನೂರಾರು ಜನರನ್ನು ಹೊತ್ತು ಸಮುದ್ರ ದಾಟುವ ಯಂತ್ರದ ಬಗ್ಗೆ ದಿನವೂ ತಲೆ ಕೆಡಿಸಿಕೊಳ್ಳುವ ಮನುಷ್ಯನಿಗೆ, ಇಬ್ಬರೇ ಇಬ್ಬರು ಇಟಲಿಯ ಹಳ್ಳಿಗೆ ಹೋಗಿ ಒಂದು ವಾರ ಇದ್ದು ಬರುವ ಏರ್ಪಾಡು ಯಾವ ಮಹಾ ಕೆಲಸ? ಹಾಗೆಂದು ನನ್ನ ಹೆಂಡತಿ ಶ್ರುತಿಗೆ ಹೇಳಿಯೂ ಬಿಟ್ಟೆ.

ಶ್ರುತಿ ಡಾಕ್ಟರು. ಮ್ಯಾಂಚೆಸ್ಟರಿನ ವಿದನ್‌ಶಾದಲ್ಲಿ ಆಸ್ಪತ್ರೆ ಕೆಲಸ. ಮದುವೆಯಾಗಿ ಎಂಟು ತಿಂಗಳಾಗಿದ್ದರೂ ಅವಳು ಅಲ್ಲಿ, ನಾನು ಇಲ್ಲಿ. ನಮ್ಮ ಸಂಸಾರ ನಡೆಯುತ್ತಿದ್ದದ್ದು ಅವಳ ರೋಟಾದ, ಅಂದರೆ ಡ್ಯೂಟಿ ಪಟ್ಟಿಯ, ಕೃಪೆಯಿಂದ. ಇಬ್ಬರಿಗೂ ರಜೆ ಕೂಡಿಬಂದ ಶನಿವಾರವೇ ನಮಗೆ ಹಬ್ಬ, ಉಳಿದಂತೆ ಫೋನು. ಕೊನೆಗೂ ಸೆಪ್ಟೆಂಬರಿನಲ್ಲಿ ಅವಳಿಗೆ ಒಂದು ವಾರ ರಜೆ ಸಿಕ್ಕಿತು.

“ಮನೆ, ಗಾಡಿ ಎರಡೂ ನೀನೇ ನೋಡು,” ಎಂದಳು. “ನಂದು ಒಂದೇ ಕಂಡೀಷನ್ನು. ಗುರುತಿನವರು ಒಬ್ರೂ ಇರಬಾರದು. ಮದುವೆಯಾದಾಗಿಂದ ನಿನ್ನ ಜೊತೆ ನೆಟ್ಟಗೆ ಕೂತು ಮಾತಾಡೇ ಇಲ್ಲ.”

“ಅಷ್ಟೇನಾ? ಆಯ್ತು ಅಂತ ತಿಳ್ಕೋ,” ಎಂದೆ.

ಎರಡು ವಾರ ರಿವ್ಯೂಗಳನ್ನೇ ಓದಿದೆ. ಒಂದು ಮನೆಯಲ್ಲಿ ಬೆಳಗ್ಗೆ ಕೋಳಿ ಕೂಗುತ್ತದೆ ಎಂದು ಒಬ್ಬರ ದೂರು. ಇನ್ನೊಂದರಲ್ಲಿ ಕೋಳಿ ಕೂಗಲೇ ಇಲ್ಲ, ಹಳ್ಳಿಯ ಅನುಭವವಾಗಲಿಲ್ಲ ಎಂದು ಮತ್ತೊಬ್ಬರ ದೂರು. ನಾನು ಕೋಳಿಯ ವಿಷಯದಲ್ಲಿ ಒಂದು ತೀರ್ಮಾನಕ್ಕೆ ಬರುವಷ್ಟರಲ್ಲಿ ಇಬ್ಬರಿಗೆ ಸಾಲುವ ಮನೆಗಳೆಲ್ಲ ಬುಕ್ ಆಗಿದ್ದವು. ಉಳಿದದ್ದು ಗುಡ್ಡದ ಮೇಲಿನ ದ್ರಾಕ್ಷಿ ತೋಟದೊಳಗೆ ಮೂರು ಬೆಡ್‌ರೂಮಿನ ಮನೆ. ಜಗಳವಾದರೆ ತಲಾ ಒಂದು, ರಾಜಿಗೆ ಇನ್ನೊಂದು ಎಂದು ಸಮಾಧಾನ ಮಾಡಿಕೊಂಡು ಅದನ್ನೇ ಹಿಡಿದೆ.

ಇನ್ನು ಗಾಡಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ವರ್ಷಗಟ್ಟಲೆ ಗೇರು ಬದಲಿಸಿದ ನನ್ನ ಕೈ ಡರ್ಬಿಯ ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಮಾನ ಕಳೆದಿತ್ತು. ಏರಿನಲ್ಲಿ ಕಾರು ಹಿಂದಕ್ಕೆ ಜಾರಿತು. ಹಿಂದೆ ನಿಂತಿದ್ದದ್ದು ಪೊಲೀಸ್ ವ್ಯಾನು. ಮೂರನೆಯ ಸಲ ಆಟೊಮ್ಯಾಟಿಕ್ ಕಾರಿನಲ್ಲಿ ಪಾಸಾದೆ. ಆದರೆ ಆ ಲೈಸೆನ್ಸಿನಲ್ಲಿ ಗೇರಿನ ಗಾಡಿ ಮುಟ್ಟುವಂತಿಲ್ಲ. ಇಟಲಿಯ ಬಾಡಿಗೆ ಕಾರುಗಳೋ, ನೋಡಿದಲ್ಲೆಲ್ಲ ಗೇರಿನವೇ. ಆಟೊಮ್ಯಾಟಿಕ್ ಎಂದು ಸಿಕ್ಕಿದ್ದು ಒಂದೇ ಒಂದು, ಒಂಬತ್ತು ಸೀಟಿನ ವ್ಯಾನು. ಅದನ್ನೂ ಹಿಡಿದೆ.

ಆ ಶುಕ್ರವಾರ ಪ್ರಕಾಶಣ್ಣನ ಮನೆಯಲ್ಲಿ ಊಟ. ಪ್ರಕಾಶಣ್ಣ, ವಸುಧಕ್ಕ ನಾನು ಡರ್ಬಿಗೆ ಹೊಸದಾಗಿ ಬಂದಾಗ ಅನ್ನ ಸಾರು ಹಾಕಿ ಸಾಕಿದವರು. ಊಟ ಮುಗಿಸಿ, ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಾ ಹೊರಡುವ ಮಾತಿಗೆ ಹೇಳಿದೆ: “ಇಟಲಿಯಲ್ಲಿ ಹಿಡಿದಿರೋದು ದೊಡ್ಡ ಮನೆ ಅಕ್ಕ, ಮೂರು ಬೆಡ್‌ರೂಮು. ನೀವೂ ಬನ್ನಿ.”

ನಮ್ಮ ಕಡೆ ಇದು ಆಹ್ವಾನವಲ್ಲ, ಮಾತು ಮುಗಿಸುವ ಒಂದು ಕ್ರಮ. ಇದಕ್ಕೆ ‘ನೋಡೋಣ’ ಎನ್ನಬೇಕು. ನೋಡೋಣ ಎಂದರೆ ಬರುವುದಿಲ್ಲ ಎಂದರ್ಥ. ವಸುಧಕ್ಕ ಕ್ರಮ ತಪ್ಪದೆ, “ನೋಡೋಣಪ್ಪ,” ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಶೂ ಲೇಸು ಗಂಟು ಬಿದ್ದಿತ್ತು. ಇಬ್ಬರೂ ನನ್ನನ್ನೇ ನೋಡುತ್ತಾ ನಿಂತಿದ್ದರು. ಸುಮ್ಮನಿರಲಾಗದೆ, “ವ್ಯಾನಲ್ಲಿ ಒಂಬತ್ತು ಸೀಟಿದೆ ಅಣ್ಣ, ಬನ್ನಿ,” ಎಂದೆ. ಗಂಟು ಬಿಚ್ಚಲಿಲ್ಲ. “ನಿಜವಾಗ್ಲೂ ಬನ್ನಿ,” ಎಂದೆ.

ಒಂದು ಸಲ ಕರೆದರೆ ಉಪಚಾರ, ಮೂರು ಸಲ ಕರೆದರೆ ಕರೆದಂತೆಯೇ!

ಅವರ ಮಗಳು ನಿಧಿ ಸೋಫಾದಿಂದ ತಲೆ ಎತ್ತದೆ, “ಮಮ್, ಇಟ್ಸ್ ದೇರ್ ಹನಿಮೂನ್,” ಎಂದಳು. ಲೋಕಜ್ಞಾನವಿಲ್ಲದ ಮಗು ಎಂದು ದೊಡ್ಡವರು ಮೂವರೂ ನಕ್ಕೆವು.

ಮರುದಿನ ಬೆಳಗ್ಗೆ ಪ್ರಕಾಶಣ್ಣನ ಫೋನು.

“ರಘು, ಲೀವ್ ಹಾಕ್ದೆ ಕಣೋ. ಟಿಕೆಟ್ ರೇಟು ಏರ್ತಾ ಇದೆ, ನಾಳೆ ಸಾಯಂಕಾಲ ಬುಕ್ ಮಾಡ್ಬಿಡ್ತೀನಿ. ನಿಮ್ಮ ಫ್ಲೈಟೇ.”

ಬರಬೇಡಿ ಎನ್ನಲು ನಾಲಿಗೆ ಏಳಲಿಲ್ಲ. ಅವರ ಮನೆಯ ಅನ್ನ ತಿಂದ ನಾಲಿಗೆ ಅದು. ಸುತ್ತಿ ಬಳಸಿ ಹೆದರಿಸಲು ನೋಡಿದೆ.

“ಅಣ್ಣ, ವೀಸಾ ಸಿಗೋದು ಬಹಳ ಕಷ್ಟವಂತೆ.”

“ನಮ್ದು ಬ್ರಿಟಿಷ್ ಪಾಸ್‌ಪೋರ್ಟು ಕಣೋ.”

“ಅಲ್ಲಿ ಊಟಕ್ಕೆ ಏನೂ ಸಿಗಲ್ಲ ಅಣ್ಣ, ಬರೀ ಗುಡ್ಡ.”

ಫೋನಿನ ಹಿಂದಿನಿಂದ ವಸುಧಕ್ಕ, “ಕುಕ್ಕರ್ ತರ್ತೀನಿ ಅಂತ ಹೇಳ್ರೀ,” ಎಂದರು.

“ರಸ್ತೆ ತುಂಬಾ ಕಿರಿದು ಅಣ್ಣ. ನನಗೇ ಭಯ.”

“ಮೊದಲೇ ಹೇಳ್ಬಾರ್ದಾ? ನಾನು ಓಡಿಸ್ತೀನಿ ಬಿಡು. ನೀವಿಬ್ರೂ ಹಿಂದೆ ಕೂತ್ಕೊಳ್ಳಿ.”

ನನ್ನ ಹನಿಮೂನಿನ ಡ್ರೈವರ್ ಸೀಟೂ ಹೋಯಿತು.

ಭಾನುವಾರ ಗುಡ್ಡಗಳನ್ನು ದಾಟಿ ವಿದನ್‌ಶಾಗೆ ಹೊರಟೆ. ಸಾಯಂಕಾಲದೊಳಗೆ ಶ್ರುತಿಗೆ ಹೇಳಬೇಕು. ದಾರಿಯುದ್ದಕ್ಕೂ ಮಾತು ಜೋಡಿಸಿದೆ, ಒಂದೂ ನಿಲ್ಲಲಿಲ್ಲ. ಅವಳು ಡ್ಯೂಟಿ ಮುಗಿಸಿ ಬಂದು ಟೋಸ್ಟ್ ತಿನ್ನುತ್ತಾ, “ಮನೆ ಫೋಟೋ ತೋರ್ಸು,” ಎಂದಳು. ಮುಖದಲ್ಲಿ ಅಂಥ ಆಸೆ ನಾನು ಎಂದೂ ನೋಡಿರಲಿಲ್ಲ.

“ಪ್ರಕಾಶಣ್ಣ ಎಷ್ಟು ಒಳ್ಳೆಯವ್ರು, ಅಲ್ವಾ?” ಎಂದು ಶುರುಮಾಡಿದೆ.

ಅವಳು ಟೋಸ್ಟ್ ಕೆಳಗಿಟ್ಟಳು. ಮುಂದಿನದನ್ನು ನಾನು ಗೋಡೆ ನೋಡಿಕೊಂಡು ಹೇಳಿ ಮುಗಿಸಿದೆ.

“ನೋಡಿ,” ಎಂದಳು. ಶ್ರುತಿ ನನಗೆ ಬಹುವಚನ ಕೊಡುವುದು ಕೋಪ ನೆತ್ತಿಗೇರಿದಾಗ ಮಾತ್ರ. “ಮೂರು ಬೆಡ್‌ರೂಮು, ಒಂಬತ್ತು ಸೀಟು, ಮೇಲೆ ಪ್ರಕಾಶಣ್ಣ. ನನ್ನ ಜೊತೆ ಒಂದು ವಾರ ಒಬ್ಬರೇ ಇರೋಕೆ ನಿಮಗೆ ಭಯನಾ?”

ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ನಿಜಕ್ಕೂ ಭಯವಿತ್ತು. ಫೋನಿನಲ್ಲಿ ನಾವು ಆಡುತ್ತಿದ್ದ ಮಾತೆಂದರೆ ರೋಟಾ, ಕೌನ್ಸಿಲ್ ಟ್ಯಾಕ್ಸು, ಏನು ಅಡುಗೆ. ಅಷ್ಟು ಮುಗಿದ ಮೇಲೆ ಇಬ್ಬರೂ ‘ಮತ್ತೆ?’ ಎನ್ನುತ್ತಿದ್ದೆವು. ಏಳು ದಿನ ಎದುರುಬದುರು ಕೂತು ‘ಮತ್ತೆ?’ ಎನ್ನುವುದು ಹೇಗೆ?

“ಹೂಂ. ಏನು ಮಾತಾಡೋದು ಅಂತ,” ಎಂದೆ.

“ನನಗೂ ಭಯನೇ,” ಎಂದಳು. “ಅದಕ್ಕೆ ವಸುಧಕ್ಕನ್ನ ಕರ್ಕೊಂಡು ಹೋಗ್ತಾರಾ?”

ನನ್ನ ಫೋನು ಕಿತ್ತುಕೊಂಡು, ಸ್ಪೀಕರಿಗೆ ಹಾಕಿ ಡರ್ಬಿಗೆ ಕರೆ ಮಾಡಿದಳು. ನಾನು ಕಣ್ಣು ಮುಚ್ಚಿಕೊಂಡೆ.

“ಅಕ್ಕಾ, ತಪ್ಪು ತಿಳೀಬೇಡಿ. ನಾವಿಬ್ರೇ ಹೋಗಿ ಬರ್ತೀವಿ.”

ಆ ಕಡೆಯಿಂದ ವಸುಧಕ್ಕನ ದೀರ್ಘ ನಿಟ್ಟುಸಿರು.

“ಸದ್ಯ ಕಣಮ್ಮ. ನಿಮ್ಮಣ್ಣನಿಗೆ ಬೆನ್ನು ನೋವು, ಆ ಗುಡ್ಡ ಹತ್ತೋದು ಹೆಂಗೆ ಅಂತ ನಿನ್ನೆಯಿಂದ ಒದ್ದಾಡ್ತಿದೀವಿ. ಬಾಗಿಲಲ್ಲಿ ನಿಂತು ಮೂರು ಮೂರು ಸಲ ಕರೆದ್ನಲ್ಲ, ಒಲ್ಲೆ ಅಂದ್ರೆ ಬೇಜಾರ್ ಮಾಡ್ಕೋತಾನೆ ಅಂತ ಒಪ್ಕೊಂಡ್ವಿ.” ಆಮೇಲೆ ಒಳಗಡೆಗೆ, “ರೀ, ಬುಕ್ ಮಾಡ್ಬೇಡಿ, ಲ್ಯಾಪ್‌ಟಾಪ್ ಮುಚ್ಚಿ,” ಎಂದರು.

ಹೀಗೆ, ಬರಲು ಇಷ್ಟವಿಲ್ಲದವರನ್ನು ಕರೆಯಲು ಇಷ್ಟವಿಲ್ಲದವನು ಕರೆದ ಪ್ರಕರಣವನ್ನು ಶ್ರುತಿ ಅರ್ಧ ಟೋಸ್ಟ್ ಆರುವಷ್ಟರಲ್ಲಿ ಮುಗಿಸಿದಳು.

ಸೆಪ್ಟೆಂಬರಿನಲ್ಲಿ ಇಬ್ಬರೇ ಹೋದೆವು. ನೈಟ್ ಡ್ಯೂಟಿಗಳನ್ನು ಮುಗಿಸಿ ನೇರವಾಗಿ ಬಂದಿದ್ದ ಶ್ರುತಿ, ವ್ಯಾನಿನ ಕೊನೆಯ ಸಾಲಿನಲ್ಲಿ ಉದ್ದಕ್ಕೆ ಮಲಗಿ ನಿದ್ದೆಹೋದಳು. ಖಾಲಿ ಸೀಟುಗಳನ್ನು ಹೊತ್ತು, ಎರಡೂ ಕಡೆ ದ್ರಾಕ್ಷಿ ಬಳ್ಳಿ ಸವರುತ್ತಾ, ಬೆವರಿ ಒದ್ದೆಯಾಗಿ ಗುಡ್ಡ ಹತ್ತಿಸಿದೆ. ಮನೆಯ ಯಜಮಾನ, ಬಿಳಿ ಮೀಸೆಯ ಅಜ್ಜ, ಬಾಗಿಲಲ್ಲೇ ಕಾಯುತ್ತಿದ್ದ. ಹಿಂದಿನ ಬಾಗಿಲು ತೆಗೆದು ಶ್ರುತಿಯನ್ನು ಕೈಹಿಡಿದು ಇಳಿಸಿದ, ಕೀ ಕೊಟ್ಟ, ಸೂಟ್‌ಕೇಸು ಎತ್ತಿಕೊಂಡ. ಆಮೇಲೆ ನನ್ನ ಬಳಿ ಬಂದು ಕೈಗೆ ಐದು ಯೂರೋ ತುರುಕಿ, ವ್ಯಾನು ತಿರುಗಿಸಿಕೊಂಡು ಹೋಗುವ ಜಾಗ ತೋರಿಸಿದ.

ನಾನು ಶ್ರುತಿಯ ಮುಖ ನೋಡಿದೆ. ಅವಳು ಉತ್ತರ ಕೊಡಲು ಅಗತ್ಯಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡಳು.

“ಅವರು ನನ್ನ ಗಂಡ,” ಎಂದಳು ಇಂಗ್ಲಿಷಿನಲ್ಲಿ. “ನಾವಿಬ್ಬರೇ.”

ಅಜ್ಜ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಖಾಲಿ ವ್ಯಾನನ್ನು ನೋಡಿದ. ಶ್ರುತಿಯನ್ನು ನೋಡಿದ. ಆಮೇಲೆ ನನ್ನ ಕೈಯಿಂದ ಆ ಐದು ಯೂರೋ ವಾಪಸ್ ತೆಗೆದುಕೊಂಡು, ಬಹಳ ಮರುಕದಿಂದ ಅವಳ ಕೈಗಿಟ್ಟ.