ಏಳು ಬೆಳೆಗೆ ಸಮಪಾಲು

ಕೆಲವರಿಗೆ ಸಿಹಿ ಕಂಡರೆ ತಡೆಯಲಾಗುವುದಿಲ್ಲ, ಕೆಲವರಿಗೆ ಜಗಳ ಕಂಡರೆ ತಡೆಯಲಾಗುವುದಿಲ್ಲ. ನನಗೆ ಖಾಲಿ ಕಾಲಂ ಕಂಡರೆ ಹಾಗಾಗುತ್ತದೆ. ಹುಬ್ಬಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೇಳು ವರ್ಷದಿಂದ ಗುಮಾಸ್ತನಾಗಿ ಅರ್ಜಿ, ನಮೂನೆ, ತಖ್ತೆಗಳ ನಡುವೆಯೇ ಕೂತವನಿಗೆ ಹತ್ತುವ ರೋಗವಿದು. ಒಮ್ಮೆ ಒಬ್ಬ ಹೊಸ ನೌಕರನ ಅರ್ಜಿಯಲ್ಲಿ 'ಪತ್ನಿ' ಎಂಬ ಕಾಲಂ ಖಾಲಿಯಿತ್ತೆಂದು ವಾಪಸು ಕಳಿಸಿದ್ದೆ. ಅವನಿಗಿನ್ನೂ ಮದುವೆಯಾಗಿರಲಿಲ್ಲ. ಮೂರನೆಯ ಸಲ ವಾಪಸು ಬಂದಾಗ ಅವನು ಬೇಸತ್ತು 'ನೋಡುತ್ತಿದ್ದೇವೆ' ಎಂದು ಬರೆದುಕೊಟ್ಟ. ನಾನು ಸಮಾಧಾನದಿಂದ ಸಿಕ್ಕಾ ಒತ್ತಿದೆ. ಇಷ್ಟು ವರ್ಷ ಈ ರೋಗದಿಂದ ಯಾರ ಹೊಟ್ಟೆಗೂ ಹೊಡೆತ ಬಿದ್ದಿರಲಿಲ್ಲ. ಈ ಮುಂಗಾರಿನಲ್ಲಿ ಬಿತ್ತು, ಅದೂ ನನ್ನ ಹೊಲವನ್ನೇ ನಂಬಿದವರ ಹೊಟ್ಟೆಗೆ.

ಕುಂದಗೋಳದ ಆಚೆ ನಮ್ಮದು ನಾಲ್ಕು ಎಕರೆ ಎರೆ ಹೊಲವಿದೆ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ನನ್ನ ಹೆಸರಿದೆ ಎಂಬುದನ್ನು ಬಿಟ್ಟರೆ ಆ ಹೊಲಕ್ಕೂ ನನಗೂ ಅಷ್ಟೇನೂ ಬಳಕೆಯಿಲ್ಲ. ಅದನ್ನು ಪಾಲಿಗೆ ಮಾಡುವವರು ಹುಸೇನಸಾಬರು. ಅಪ್ಪ ಇದ್ದಾಗಿನಿಂದಲೂ ಅವರೇ ಮಾಡುತ್ತಿರುವುದರಿಂದ ನನಗೆ ಅವರು ಹುಸೇನ್ ಕಾಕಾ. ಬೀಜ, ಗೊಬ್ಬರ, ಮೈಮುರಿಯುವ ಕೆಲಸ ಎಲ್ಲ ಅವರದು. ಬಂದ ಬೆಳೆಯಲ್ಲಿ ನನಗೊಂದು ಪಾಲು. ಇದಕ್ಕೆ ಕಾಗದವಿಲ್ಲ, ಪತ್ರವಿಲ್ಲ, ಮಾತಿನ ಮೇಲೆ ನಡೆದುಕೊಂಡು ಬಂದದ್ದು. ಹಾಗಾಗಿ ಸರ್ಕಾರದ ಲೆಕ್ಕದಲ್ಲಿ ಆ ಹೊಲದ ರೈತ ನಾನು. ಬೀಜದ ರಿಯಾಯಿತಿಯಿಂದ ಹಿಡಿದು ಬೆಳೆಹಾನಿ ಪರಿಹಾರದ ತನಕ ಏನೇ ಬಂದರೂ ನನ್ನ ಹೆಸರಿಗೇ ಬರುತ್ತದೆ. ಬಂದದ್ದನ್ನು ಹಾಗೆಯೇ ಕಾಕಾನ ಕೈಗೆ ಮುಟ್ಟಿಸುವುದು ನಮ್ಮ ಪದ್ಧತಿ. ಹೊಲಕ್ಕೆ ನಾನು ಮಾಡುವ ಸೇವೆ ಅಂದರೆ ಇದೊಂದೇ. ಆದ್ದರಿಂದ ಜುಲೈ ತಿಂಗಳಲ್ಲಿ, ರೈತರೇ ತಮ್ಮ ಬೆಳೆಯನ್ನು ಮೊಬೈಲಿನಲ್ಲಿ ದಾಖಲಿಸಬಹುದು ಎಂಬ ಸಂದೇಶ ಬಂದಾಗ ನನಗೆ ಹುರುಪು ಬಂತು. ಊರಿನಲ್ಲಿ ಸಮೀಕ್ಷೆಗೆಂದು ನೇಮಿಸಿದವರು ಬಂದು ಮಾಡಿಕೊಂಡು ಹೋಗುತ್ತಾರೆ ಎಂದು ಕಾಕಾ ಹೇಳಿದರೂ ಕೇಳಲಿಲ್ಲ. "ಅವರು ಗಡಬಡಿಸಿ ಏನರೆ ತಪ್ಪು ತುಂಬತಾರ ಕಾಕಾ, ನನ್ನ ಕೈಯಾಗ ತಪ್ಪಾಗೂದಿಲ್ಲ" ಎಂದು ಫೋನಿನಲ್ಲಿ ಹೇಳಿದೆ. ಈಗ ಆ ಮಾತು ನೆನೆದರೆ ಕಿವಿ ಬಿಸಿಯಾಗುತ್ತದೆ.

ರವಿವಾರ ಹೊಲಕ್ಕೆ ಹೋದೆ. ಕಾಕಾ ಕುಂದಗೋಳಕ್ಕೆ ಹೋಗಿದ್ದರು. ಅವರ ಹೆಂಡತಿ ಹಾಜರಾಬಿ ಕಾಕು ಕಸ ತೆಗೆಯುತ್ತಿದ್ದರು. ಹಿಂದಿನ ದಿನ ಮಳೆಯಾಗಿ ಎರೆಮಣ್ಣು ಹಸಿಯಾಗಿತ್ತು. ಎರಡು ಹೆಜ್ಜೆ ಇಡುವುದರೊಳಗೆ ಒಂದೊಂದು ಬೂಟಿಗೆ ಒಂದೊಂದು ಹೆಂಟೆ ಅಂಟಿಕೊಂಡಿತು. ಒಳಗೆ ಹೋಗುವ ಆಸೆ ಬಿಟ್ಟು ಬದುವಿನ ಮೇಲೆಯೇ ನಿಂತು ಮೊಬೈಲು ತೆಗೆದೆ. ಒಂದೇ ಬೆಳೆಯೋ ಮಿಶ್ರ ಬೆಳೆಯೋ ಎಂದು ಅದು ಕೇಳಿತು. ನಮ್ಮ ಕಡೆ ಅಕ್ಕಡಿ ಸಾಲು ಎಂಬುದೊಂದಿದೆ. ಮುಖ್ಯ ಬೆಳೆಯ ನಡುನಡುವೆ, ಮನೆಯವರ ಊಟಕ್ಕಾಗಲಿ ಎಂದು ಬೇರೆ ಬೇರೆ ಕಾಳುಕಡಿಯ ಒಂದೊಂದು ಸಾಲು ಬಿಡುತ್ತಾರೆ. ಹೊಲದ ತುಂಬ ಉದ್ದು ಇತ್ತು. ಆದರೂ ಸತ್ಯವಂತನಾದ ನಾನು, "ಕಾಕು, ಏನೇನ ಬಿತ್ತೀರಿ?" ಎಂದು ಕೂಗಿ ಕೇಳಿದೆ.

ಹಾಜರಾಬಿ ಕಾಕುಗೆ ಅಕ್ಕಡಿ ಸಾಲೆಂದರೆ ತವರುಮನೆಯಷ್ಟು ಪ್ರೀತಿ. ಸೊಂಟಕ್ಕೆ ಕೈಯಿಟ್ಟು ನೆಟ್ಟಗೆ ನಿಂತು, "ಉದ್ದು ಐತಿ, ತೊಗರಿ ಐತಿ, ಎಳ್ಳು ಐತಿ, ಗುರೆಳ್ಳು ಐತಿ, ಅಲಸಂದಿ ಐತಿ, ಒಂದೀಟ ಸಜ್ಜಿ ಐತಿ. ಅಲ್ಲೆ ನಿಮ್ಮ ಕಾಲಾಗ ಪುಂಡಿಪಲ್ಯೆ ಐತಿ, ತುಳೀಬ್ಯಾಡ್ರಿ ಮತ್ತ" ಎಂದರು. ಒಟ್ಟು ಏಳು. ಮೊಬೈಲಿನಲ್ಲಿ ಏಳು ಬೆಳೆ ತುಂಬಿದೆ. ಒಂದೊಂದರ ಮುಂದೆಯೂ 'ವಿಸ್ತೀರ್ಣ' ಎಂಬ ಖಾಲಿ ಜಾಗ ನನ್ನನ್ನೇ ನೋಡುತ್ತಿತ್ತು. ಕಾಕುವನ್ನು ಕೇಳಬಹುದಿತ್ತು. ಇಷ್ಟು ಸಣ್ಣ ವಿಷಯಕ್ಕೆ ಅವರನ್ನು ಮತ್ತೆ ಯಾಕೆ ಎಬ್ಬಿಸಬೇಕು ಎಂದುಕೊಂಡೆ. ನಾಲ್ಕು ಎಕರೆಗೆ ನೂರಾ ಅರವತ್ತು ಗುಂಟೆ. ಏಳರಿಂದ ಭಾಗಿಸಿ ಆರು ಬೆಳೆಗೆ ಇಪ್ಪತ್ತಮೂರು ಗುಂಟೆಯಂತೆ ಕೊಟ್ಟೆ. ಉಳಿದ ಇಪ್ಪತ್ತೆರಡು ಪುಂಡಿಪಲ್ಯೆ ಎಂಬ ಸೊಪ್ಪಿಗೆ ಹೋಯಿತು. ಪುಂಡಿಗೆ ಒಂದು ಗುಂಟೆ ಕಡಿಮೆಯಾಯಿತಲ್ಲ, ಅನ್ಯಾಯ ಮಾಡಿದೆನೇ ಎಂದು ಬಸ್ಸಿನಲ್ಲಿ ಬರುವಾಗ ಸ್ವಲ್ಪ ಕಸಿವಿಸಿಯಾದದ್ದು ನಿಜ. ಉದ್ದಿನ ಬಗ್ಗೆ ಏನೂ ಅನಿಸಲಿಲ್ಲ.

ಆಗಸ್ಟಿನಲ್ಲಿ ಉದ್ದು ಕಾಯಿ ಬಲಿತು ಇನ್ನೇನು ಕೀಳಬೇಕು ಎನ್ನುವಾಗ ಮಳೆ ಹಿಡಿಯಿತು. ಎಂಟು ದಿನ ಬಿಡಲಿಲ್ಲ. ನಮ್ಮ ಜಿಲ್ಲೆಯಲ್ಲಿ ಎರಡು ದೊಡ್ಡ ಊರು ಜೋಡಿಯಾಗಿ ಕೂತಿರುವುದರಿಂದ ಮಳೆಯ ಸುದ್ದಿಯೆಲ್ಲ ಅಲ್ಲಿನದೇ. ಯಾವ ಓಣಿಯಲ್ಲಿ ನೀರು ನಿಂತಿತು, ಯಾವ ಸೇತುವೆಯ ಕೆಳಗೆ ಕಾರು ಸಿಕ್ಕಿಕೊಂಡಿತು ಎಂಬುದೇ ಮಾತು. ಪಕ್ಕದ ಮನೆಯವರು "ಭಾಳ ಛಲೋ ತಂಪಾತು ನೋಡ್ರಿ" ಎಂದು ಮಿರ್ಚಿ ಭಜಿ ತಟ್ಟೆ ಕಳಿಸಿದರು. ನಾನು ಒಂದು ತಿಂದು ಎರಡನೆಯದಕ್ಕೆ ಕೈ ಹಾಕುವಾಗ ಕಾಕಾನ ಫೋನು ಬಂತು. "ಸಾಹೇಬ್ರ, ಗಿಡದಾಗಿನ ಕಾಯೊಳಗನ ಮೊಳಕಿ ಒಡದಾವ್ರಿ. ಕೈ ಹಚ್ಚಿದ್ರ ಕೊಳತ ನಾರತಾವ" ಎಂದರು. ಅವರು ಅಳಲಿಲ್ಲ, ಬೈಯಲಿಲ್ಲ. ಹಿಂಗಾರಿಗೆ ಕಡಲೆ ಬೀಜ ತರಬೇಕು, ಪರಿಹಾರ ಬಂದರೆ ಅದೊಂದು ದಾರಿಯಾಗುತ್ತದೆ ಎಂದಷ್ಟೇ ಹೇಳಿದರು. ತಟ್ಟೆಯಲ್ಲಿ ಉಳಿದ ಭಜಿ ಹೆಂಡತಿ ಸುನಂದಾ ತಿಂದಳು.

ಪರಿಹಾರದ ಕರಡು ಪಟ್ಟಿ ಪಂಚಾಯಿತಿಯ ಗೋಡೆಗೆ ಹಚ್ಚಿದ್ದಾರೆಂದು ಗೊತ್ತಾಗಿ ರಜೆ ಹಾಕಿ ಹೋದೆ. ನನ್ನ ಹೆಸರಿನ ಮುಂದೆ: ಹಾನಿಯಾದ ಬೆಳೆ ಉದ್ದು, ವಿಸ್ತೀರ್ಣ ಇಪ್ಪತ್ತಮೂರು ಗುಂಟೆ. ಒಮ್ಮೆ ಕನ್ನಡಕ ಒರೆಸಿಕೊಂಡು ನೋಡಿದೆ, ಇನ್ನೊಮ್ಮೆ ಕನ್ನಡಕ ತೆಗೆದು ನೋಡಿದೆ. ಇಪ್ಪತ್ತಮೂರೇ. ಹೆಚ್ಚುಕಡಿಮೆ ನಾಲ್ಕೂ ಎಕರೆಯ ಉದ್ದು ಕೊಳೆತಿತ್ತು, ಪರಿಹಾರ ಬರುವುದು ಇಷ್ಟಕ್ಕೆ ಮಾತ್ರ. ಯಾರಾದರೂ ಬೇರೆಯವರು ತುಂಬಿದ್ದರೆ ಬೈಯಬಹುದಿತ್ತು, ತಕರಾರು ಅರ್ಜಿ ಬರೆಯಬಹುದಿತ್ತು. ಅದು ನನಗೆ ಬಹಳ ಚೆನ್ನಾಗಿ ಬರುತ್ತದೆ. ಬೈಯಲು ನನ್ನ ಹೊರತು ಯಾರೂ ಸಿಗಲಿಲ್ಲ. ಊರಲ್ಲೇ ಇದ್ದ ಕಾಕಾನ ಮನೆಗೆ ಹೋಗುವ ಧೈರ್ಯವಾಗದೆ, ಕಳ್ಳನ ಹಾಗೆ ಹಿಂದಿನ ಓಣಿಯಿಂದ ಗ್ರಾಮ ಆಡಳಿತಾಧಿಕಾರಿಯ ಕಚೇರಿಗೆ ನಡೆದೆ.

ಅಲ್ಲಿದ್ದ ಮೇಡಂ ನನ್ನ ಮಗಳ ವಯಸ್ಸಿನವರು. ಕಂಪ್ಯೂಟರಿನಲ್ಲಿ ನನ್ನ ಏಳು ಬೆಳೆಯನ್ನು ಓದಿ, ನನ್ನ ಮುಖ ನೋಡಿ, ಮತ್ತೆ ಓದಿದರು. "ಸರ್, ಎಲ್ಲಾ ಸಮ ಸಮ ಐತಲ್ರಿ. ಹಗ್ಗ ಹಿಡದು ಅಳದು ಬಿತ್ತಿದ್ರೇನ್ರಿ?" ಎಂದರು. ಅವರು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು, ಅದಕ್ಕೇ ಹೆಚ್ಚು ಅವಮಾನವಾಯಿತು. ಆಕ್ಷೇಪಣೆ ಕೊಡಲು ನಾಳೆಯೇ ಕಡೆಯ ದಿನ. ಬೆಳಿಗ್ಗೆ ಹನ್ನೊಂದಕ್ಕೆ ತಾವೇ ಹೊಲಕ್ಕೆ ಬಂದು ನೋಡುವುದಾಗಿ ಹೇಳಿದರು. "ಆದ್ರ ಬೆಳಿ ಹೊಲದಾಗ ನಿಂತಿರಬೇಕ್ರಿ. ಕಿತ್ತಿದ್ರ, ಹರಗಿದ್ರ ನಾ ಏನೂ ಮಾಡಾಕ ಬರೂದಿಲ್ಲ."

ಮಾರನೆಯ ದಿನ ಬೆಳಿಗ್ಗೆ ಹುಬ್ಬಳ್ಳಿಯಿಂದ ಕಾಕಾಗೆ ಫೋನು ಹಚ್ಚಿದೆ. ಎತ್ತಿದವರು ಹಾಜರಾಬಿ ಕಾಕು. "ಅವರು ಫೋನ ಬಿಟ್ಟು ಹೊಲಕ್ಕ ಹೋಗ್ಯಾರ್ರಿ. ಟ್ರ್ಯಾಕ್ಟರ ಸಿಕ್ಕೇತಿ. ಹದ ಐತಿ, ಇವತ್ತ ಹರಗಿಸಿ ಬಿಡತೇನಿ ಅಂದ್ರು" ಎಂದರು. ಹರಗಿದರೆ ಕೊಳೆತ ಬೆಳೆಯೆಲ್ಲ ಮಣ್ಣಿನೊಳಗೆ ಹೋಗುತ್ತದೆ, ಮೇಡಂಗೆ ನೋಡಲು ಏನೂ ಉಳಿಯುವುದಿಲ್ಲ. ಹಿಂದಿನ ದಿನವೇ ಮನೆಗೆ ಹೋಗಿ ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ತಪ್ಪು ಮುಚ್ಚಿಡಲು ಹೋಗಿ ಎರಡನೆಯ ತಪ್ಪು ಮಾಡಿದ್ದೆ. ಯಾರನ್ನಾದರೂ ಹೊಲಕ್ಕೆ ಓಡಿಸಿ ಟ್ರ್ಯಾಕ್ಟರ್ ನಿಲ್ಲಿಸಿರೆಂದು ಕಾಕುಗೆ ಗೋಗರೆದು ಬಸ್ ಹತ್ತಿದೆ. ಬಸ್ಸಿನ ತುಂಬ ಜನ. ಎಲ್ಲರಿಗೂ ಟಿಕೆಟ್ ಕೊಡುವ ತನಕ ಊರ ಹೊರಗೆ ರಸ್ತೆಬದಿಯಲ್ಲಿ ಬಸ್ ನಿಲ್ಲಿಸಿಕೊಂಡ ಕಂಡಕ್ಟರು ಒಬ್ಬೊಬ್ಬರನ್ನೂ ಸಾವಕಾಶ ವಿಚಾರಿಸುತ್ತಿದ್ದ. "ಲಗೂ ನಡೀರಿ, ಹೊಲ ಹರಗಾಕತ್ತಾರ!" ಎಂದು ನಾನು ಕೂಗಿಬಿಟ್ಟೆ. "ಹರಗ್ಲಿ ಬಿಡ್ರಿ, ಛಲೋನ ಆತಲ್ಲ" ಎಂದು ಹಿಂದಿನಿಂದ ಯಾರೋ ಹೇಳಿದರು.

ಹೊಲದ ಹತ್ತಿರ ಬರುವಾಗ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಬದುವಿನ ಮೇಲೆ ನಿಲ್ಲದೆ ನೇರ ಒಳಗೆ ಓಡಿದೆ. ಒಂದು ಬೂಟು ಮಣ್ಣಲ್ಲೇ ಉಳಿಯಿತು, ತಿರುಗಿ ನೋಡಲಿಲ್ಲ. ಟ್ರ್ಯಾಕ್ಟರು ಹರಗುತ್ತಿದ್ದದ್ದು ಪಕ್ಕದವರ ಹೊಲ. ನಮ್ಮ ಸರದಿ ಅದರ ನಂತರವಂತೆ. ಕಾಕು ಕಳಿಸಿದವರು ಯಾರೂ ಇನ್ನೂ ಬಂದು ಮುಟ್ಟಿರಲಿಲ್ಲ. ಕಪ್ಪಗೆ ಕೊಳೆತ ಉದ್ದಿನ ನಡುವೆ ನಿಂತಿದ್ದ ಕಾಕಾ ನನ್ನ ಬರಿಗಾಲು ನೋಡಿ ಗಾಬರಿಯಾದರು. ಉಸಿರು ತಿರುಗಿದ ಮೇಲೆ ಎಲ್ಲವನ್ನೂ ಒಪ್ಪಿಕೊಂಡೆ. "ಏಳಕ್ಕೂ ಸಮಾ ಹಂಚೀರಿ?" ಎಂದರು ಕಾಕಾ. ಹೂಂ ಎಂದೆ. "ಮನ್ಯಾಗ ಮಕ್ಕಳಿಗೂ ಹಿಂಗ ಹಂಚೂದಿಲ್ಲ ಬಿಡ್ರಿ ಯಾರೂ" ಎಂದು ಟ್ರ್ಯಾಕ್ಟರಿನವನಿಗೆ ಕೈ ಮಾಡಿ ಇವತ್ತು ಬೇಡ ಎಂದರು. ಇವತ್ತು ಬಿಟ್ಟರೆ ಮತ್ತೆ ಯಾವಾಗ ಸಿಗುತ್ತದೋ ಎಂಬ ಟ್ರ್ಯಾಕ್ಟರನ್ನು ಅವರು ನನ್ನ ತಪ್ಪಿಗಾಗಿ ಬಿಟ್ಟುಕೊಟ್ಟರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮೇಡಂ ಹೇಳಿದ ಹೊತ್ತಿಗೇ ಬಂದರು. ಹೊಲವನ್ನು ಒಂದು ಸುತ್ತು ಹಾಕಿದರು, ಅಕ್ಕಡಿ ಸಾಲುಗಳನ್ನು ಎಣಿಸಿದರು, ಉದ್ದಿನ ವಿಸ್ತೀರ್ಣವನ್ನು ತಿದ್ದಿ ಬರೆದುಕೊಂಡರು. ಮೇಲಿನವರು ಒಪ್ಪಬೇಕು, ಬರೆಯಬೇಕಾದದ್ದನ್ನು ತಾನು ಬರೆದಿದ್ದೇನೆ ಎಂದರು. 'ರೈತರ ಸಹಿ' ಎಂಬಲ್ಲಿ ನಾನು ಸಹಿ ಮಾಡಿದೆ. 'ಸಾಕ್ಷಿ' ಎಂಬಲ್ಲಿ ಕಾಕಾ ಮಾಡಿದರು. ಬೆರಳಿಗೆ ಮೆತ್ತಿದ ಮಣ್ಣನ್ನು ಧೋತರಕ್ಕೆ ಒರೆಸಿಕೊಂಡು, ಅಕ್ಷರ ಜೋಡಿಸಿ ಜೋಡಿಸಿ, ತಮ್ಮ ಬೆಳೆ ಹೋದದ್ದಕ್ಕೆ ತಾವೇ ಸಾಕ್ಷಿಯಾದರು.

"ಒಂದು ಫೋಟೋ ಬೇಕ್ರಿ. ರೈತರು ಹಾಳಾದ ಬೆಳಿ ಕೈಯಾಗ ಹಿಡಕೊಂಡು ನಿಂತದ್ದು" ಎಂದರು ಮೇಡಂ. ನಾನು ಬಗ್ಗಿ ಠೀವಿಯಿಂದ ಒಂದು ಗಿಡ ಕಿತ್ತು ಎದೆಗೆ ಹಿಡಿದೆ. ಕಾಕಾ ಸದ್ದಿಲ್ಲದೆ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಬೇರೊಂದನ್ನು ಕಿತ್ತು ಕೊಟ್ಟರು. ನಾನು ಕಿತ್ತದ್ದು ಅಲಸಂದಿಯಂತೆ. ಅವರು ಹಾಗೆಯೇ ನನ್ನ ಪಕ್ಕದಲ್ಲಿ ನಿಂತರು. "ಕಾಕಾ, ನೀವು ಸ್ವಲ್ಪ ಬಾಜು ಸರೀರಿ. ಫೋಟೋದಾಗ ರೈತರೊಬ್ಬರ ಇರಬೇಕು" ಎಂದರು ಮೇಡಂ. ಕಾಕಾ ಸರಿದರು. ಮೊಬೈಲು ನನ್ನ ಮುಖಕ್ಕೆ ಬಂತು. ಕ್ಯಾಮೆರಾ ಕಂಡೊಡನೆ ನನಗೆ ತನ್ನಷ್ಟಕ್ಕೆ ನಗು ಬರುತ್ತದೆ, ಮದುವೆಮನೆಗಳಿಂದ ಬಂದ ರೂಢಿ.

"ನಗಬ್ಯಾಡ್ರಿ ಸಾಹೇಬ್ರ" ಎಂದು ಬದಿಯಿಂದ ಕಾಕಾ ಮೆಲ್ಲಗೆ ಹೇಳಿದರು, "ನಿಮ್ಮ ಬೆಳಿ ಹೋಗೇತಿ."

ತಟ್ಟನೆ ಬಾಯಿ ಮುಚ್ಚಿಕೊಂಡೆ. ಬೆಳೆ ಹೋದವರ ಮುಖ ಹೇಗಿರಬೇಕೆಂದು ತಿಳಿಯದೆ, ನೋಡಿ ಕಲಿಯೋಣವೆಂದು ಕಾಕಾನ ಕಡೆ ತಿರುಗಿದೆ.

"ಸರ್, ಆ ಕಡೆ ನೋಡಬ್ಯಾಡ್ರಿ" ಎಂದರು ಮೇಡಂ, "ಈ ಕಡೆ ನೋಡ್ರಿ."