ಉದ್ದು ಸುಳ್ಳು ಹೇಳುವುದಿಲ್ಲ

ನಮ್ಮ ಭಾವನಿಗೆ ಸೂರ್ಯ ಪೂರ್ವದಲ್ಲೇ ಹುಟ್ಟುತ್ತಾನೆ ಎಂಬುದರಲ್ಲೂ ಪೂರ್ತಿ ನಂಬಿಕೆ ಇಲ್ಲ. ದಿನಾ ಬೆಳಿಗ್ಗೆ ಬಾಲ್ಕನಿಗೆ ಹೋಗಿ, ಕಣ್ಣಾರೆ ನೋಡಿ, ಆಮೇಲೆಯೇ ಚಾ ಕುಡಿಯುವುದು!

ಭಾವ ಅಂದರೆ ನನ್ನ ಅಕ್ಕನ ಗಂಡ. ಉಡುಪಿ ಕಡೆಯವರು. ಮಹಾಪೆಯ ಹತ್ತಿರ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕ್ಯಾಂಟೀನ್ ನಡೆಸುತ್ತಾರೆ. ಡೊಂಬಿವಲಿಯ ಕಾರ್ಖಾನೆ ಪ್ರದೇಶವಾದ ಎಂಐಡಿಸಿಯಲ್ಲಿ ನಮ್ಮದೂ ಅವರದೂ ಎದುರುಬದುರು ಬಾಗಿಲು. ಹಾಗಾಗಿ ಅವರ ಅನುಮಾನಗಳಿಗೆಲ್ಲ ಮೊದಲ ಪ್ರೇಕ್ಷಕಿ ನಾನೇ.

ಠಾಣೆ ಊರಿಗೆ ಹೋಗುವ ಲೋಕಲ್ ಟ್ರೇನು ಕಣ್ಣೆದುರೇ ಬಂದು ನಿಂತರೂ, ಇಂಡಿಕೇಟರ್ ನೋಡಿ, ಅನೌನ್ಸ್‌ಮೆಂಟ್ ಕೇಳಿ, ಮತ್ತೆ ಒಳಗೆ ಕೂತ ಇಬ್ಬರನ್ನು ವಿಚಾರಿಸುತ್ತಾರೆ. ಇಬ್ಬರೂ ಒಂದೇ ಉತ್ತರ ಕೊಟ್ಟರೋ, ‘ಮೊದಲೇ ಮಾತಾಡಿಕೊಂಡಿದ್ದಾರೆ’ ಎಂದು ನನ್ನ ಕಿವಿಯಲ್ಲಿ ಹೇಳುತ್ತಾರೆ! ನಮ್ಮ ಎಂಐಡಿಸಿಯಲ್ಲಿ ಸಂಜೆಯಾದರೆ ಕೆಮಿಕಲ್ ವಾಸನೆ ಬರುವುದು ಎಲ್ಲರಿಗೂ ಗೊತ್ತಿರುವ ವಿಷಯ. ಒಂದು ದಿನ ಬರಲಿಲ್ಲ. ನಾವೆಲ್ಲ ಖುಷಿಯಿಂದ ಕಿಟಕಿ ತೆರೆದೆವು. ಭಾವ ಮಾತ್ರ ತಮ್ಮ ಕಿಟಕಿ ಮುಚ್ಚಿದರು. ‘ವಾಸನೆ ಇಲ್ಲ ಅಂದ್ರೆ ಎಂತದೋ ಅಡಗಿಸಿದ್ದಾರೆ ಮಾರಾಯ್ತಿ!’

ಇಂಥವರ ಪಾಲಿಗೆ ಕಾಲೇಜಿನವರು ಗ್ರೀನ್ ಬಿಲ್ಡಿಂಗ್ ಕಟ್ಟಿದರು ನೋಡಿ!

ಹಳೆಯ ಕ್ಯಾಂಟೀನಿಗೆ ಸಿಮೆಂಟ್ ಶೀಟಿನ ಮಾಡು. ಮೇ ತಿಂಗಳಲ್ಲಿ ಅಲ್ಲಿ ದೋಸೆ ಹೊಯ್ಯಲು ಕಾವಲಿಯೇ ಬೇಡ, ಬೆಂಚಿನ ಮೇಲೆ ಹೊಯ್ದರೂ ಆದೀತು. ಅಕ್ಕ ಇಪ್ಪತ್ತು ವರ್ಷದಿಂದ ತಲೆಗೆ ಒದ್ದೆ ಟವೆಲ್ಲು, ನಮ್ಮ ಕಡೆಯ ಬೈರಾಸ, ಸುತ್ತಿಕೊಂಡು ಆ ಕಾವಲಿಯ ಮುಂದೆ ನಿಂತವಳು. ಈಗ ಆ ಶೆಡ್ ಕೆಡವಿ, ಕ್ಯಾಂಟೀನನ್ನು ಹೊಸ ಕಟ್ಟಡಕ್ಕೆ ಒಯ್ಯುತ್ತಾರಂತೆ. ಹಾರುಬೂದಿಯ ಇಟ್ಟಿಗೆ, ಮಳೆನೀರಿನ ಕೊಯ್ಲು, ಎಸಿ ಇಲ್ಲದೆಯೇ ತಂಪು. ಸೋಮವಾರದೊಳಗೆ ಒಪ್ಪಿಗೆ ಪತ್ರಕ್ಕೆ ಸೈನ್ ಮಾಡಬೇಕು, ಇಲ್ಲದಿದ್ದರೆ ಕ್ಯಾಂಟೀನ್ ಬೇರೆಯವರಿಗೆ ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟರು. ಬೇರೆ ಯಾರಾದರೂ ಆಗಿದ್ದರೆ ಪೆನ್ನು ಹುಡುಕುತ್ತಿದ್ದರು. ಭಾವ ಇಟ್ಟಿಗೆ ಹುಡುಕಿದರು!

‘ಬೂದಿಯಲ್ಲಿ ಪಾತ್ರೆ ತಿಕ್ಕಬಹುದು. ಗೋಡೆ ಕಟ್ಟೋದುಂಟಾ?’ ಎಂದು ಒಂದು ಇಟ್ಟಿಗೆ ಕೇಳಿ ತಂದು, ಅಕ್ಕನ ಸ್ನಾನದ ಬಕೆಟ್ಟಿನಲ್ಲಿ ಎರಡು ದಿನ ನೆನೆಹಾಕಿದರು. ಇಟ್ಟಿಗೆ ಕರಗಲಿಲ್ಲ. ಅಕ್ಕ ಎರಡು ದಿನ ನಮ್ಮ ಮನೆಯಲ್ಲಿ ಸ್ನಾನ ಮಾಡಿದಳು. ಹೊಸ ಕಟ್ಟಡದ ಕಾರಿಡಾರಿನಲ್ಲಿ ಮನುಷ್ಯರು ಬಂದ ಕೂಡಲೇ ದೀಪ ತಾನಾಗಿ ಹತ್ತುತ್ತದೆ. ಭಾವ ಆರು ಸಲ ಒಳಗೆ ಹೋಗಿ ಹೊರಗೆ ಬಂದರು. ಏಳನೆಯ ಸಲ ತಲೆಯನ್ನಷ್ಟೇ ಒಳಗೆ ಹಾಕಿ, ‘ಕೌನ್ ಹೈ ರೇ ಅಂದರ್?’ ಎಂದು ಒಳಗೆ ಅಡಗಿ ಸ್ವಿಚ್ ಹಾಕುವವನನ್ನು ಗದರಿದರು!

ಕಟ್ಟಡದ ಆರ್ಕಿಟೆಕ್ಟ್ ಕೇತಕಿ ಎಂಬ ಮರಾಠಿ ಹುಡುಗಿ. ಪಾಪ, ನಗುಮುಖದವಳು. ‘ಅಣ್ಣಾ, ಟೆಂಪರೇಚರ್ ನಾಪ್ನೇ ಕಾ ಮೀಟರ್ ಹೈ ನಾ ಮೇರೆ ಪಾಸ್!’ ಎಂದಳು, ತಂಪು ಅಳೆದು ತೋರಿಸಲು ತನ್ನ ಹತ್ತಿರ ಮೀಟರೇ ಇದೆ ಎಂದು.

‘ಮೀಟರ್ ತುಮ್ಹಾರಾ ಹೈ ನಾ?’ ಎಂದರು ಭಾವ. ‘ಬಸ್!’ ಅವಳ ಮೀಟರ್ ಅವಳ ಪರವಾಗಿಯೇ ಹೇಳುತ್ತದಲ್ಲ!

ಕೊನೆಗೆ ಭಾನುವಾರ ಅವರು ತಮ್ಮದೇ ಮೀಟರ್ ತೆಗೆದರು. ಯಾವುದು ಗೊತ್ತೇ? ಇಡ್ಲಿ ಹಿಟ್ಟು! ಬಿಸಿ ಜಾಗದಲ್ಲಿ ಬೇಗ ಉಬ್ಬುತ್ತದೆ, ತಂಪಿನಲ್ಲಿ ಸುಮ್ಮನೆ ಮಲಗಿರುತ್ತದೆ. ಹೋಟೆಲಿನವರಿಗೆ ಇದಕ್ಕಿಂತ ದೊಡ್ಡ ಯಂತ್ರ ಬೇರೆ ಉಂಟೇ? ‘ಮೀಟರ್ ಸುಳ್ಳು ಹೇಳ್ತದೆ. ಉದ್ದು ಹೇಳೂದಿಲ್ಲ!’

ಒಂದೇ ಗ್ರೈಂಡರಿನ ಹಿಟ್ಟು, ಒಂದೇ ಅಳತೆ, ನಾಲ್ಕು ಸ್ಟೀಲ್ ಪಾತ್ರೆ. ಅಂದು ಬೆಳಿಗ್ಗೆ ಇನ್ನೊಂದು ವಿಚಿತ್ರವೂ ಆಯಿತು. ಅಕ್ಕ ಚಾ ಸೋಸುತ್ತಾ ನಿಂತಿದ್ದಾಗ ಭಾವ ಹಿಂದಿನಿಂದ ಬಂದು ನೆಲದಿಂದ ಅವಳ ಗಲ್ಲದವರೆಗೆ ಒಂದು ನೂಲು ಹಿಡಿದು ಅಳೆದರು.

‘ಎಂತದಿದು? ನೈಟಿ ಹೊಲಿಸ್ತೀರಾ ನನಗೆ?’

‘ನೀನು ಚಾ ಸೋಸು.’

‘ಇವರಿಗೆ ಮಂಡೆ ಸರಿ ಉಂಟಾ ಕೇಳೇ!’ ಎಂದು ಅಕ್ಕ ನನ್ನ ಕಡೆ ತಿರುಗಿದಳು. ಸಾಕ್ಷಿಗೆಂದು ನನ್ನನ್ನೂ ಹೊರಡಿಸಿದ್ದರು. ಕಲ್ಯಾಣ್-ಶೀಳ್ ರಸ್ತೆಯ ಗುಂಡಿಗಳಲ್ಲಿ ಬಸ್ಸು ಹಾರುವಾಗ ಎರಡು ಪಾತ್ರೆ ನನ್ನ ಮಡಿಲಲ್ಲಿ, ಎರಡು ಅವರ ಮಡಿಲಲ್ಲಿ. ‘ಕಾಯ್ ಆಹೇ ಹ್ಯಾತ್?’ ಎಂದು ಕಂಡಕ್ಟರ್ ಮರಾಠಿಯಲ್ಲಿ ಒಳಗೇನಿದೆ ಎಂದು ಕೇಳಿದರೆ, ‘ನಿಮಗ್ಯಾಕೆ?’ ಎಂದು ಕನ್ನಡದಲ್ಲೇ ಅನುಮಾನಪಟ್ಟರು!

ಹೊಸ ಕಟ್ಟಡದ ಲೈಬ್ರರಿ, ಕ್ಲಾಸ್‌ರೂಮು, ಪ್ರಿನ್ಸಿಪಾಲರ ಕೋಣೆ, ಈ ಮೂರು ಕಡೆ ಮೇಜಿನ ಮೇಲೆ ಒಂದೊಂದು ಪಾತ್ರೆ. ಹೊಸ ಅಡುಗೆಮನೆಯಲ್ಲಿ ಮಾತ್ರ ನಾಲ್ಕು ಎಣ್ಣೆ ಡಬ್ಬ ಒಂದರ ಮೇಲೊಂದು ಇಟ್ಟು, ನೂಲು ಹಿಡಿದು ಎತ್ತರ ನೋಡಿ, ಅದರ ತಲೆಯ ಮೇಲೆ ಪಾತ್ರೆ ಕೂರಿಸಿದರು. ‘ಇತ್ನಾ ಉಪರ್ ಕ್ಯೋಂ, ಅಣ್ಣಾ?’ ಎಂದು ಅಷ್ಟು ಎತ್ತರ ಯಾಕೆಂದು ಕೇಳಿದಳು ಕೇತಕಿ. ಭಾವ ಪಾತ್ರೆಯ ಮುಚ್ಚಳ ಸರಿಮಾಡಿದರು. ಬಾಗಿಲು ಹಾಕಿಸಿ ಬಂದೆವು.

ಸೋಮವಾರ ಬೆಳಿಗ್ಗೆ ಏಳಕ್ಕೆ ನಾವು, ಕೇತಕಿ, ವಾಚ್‌ಮನ್ ಎಲ್ಲ ಸೇರಿದೆವು. ಲೈಬ್ರರಿಯ ಹಿಟ್ಟು ಇಟ್ಟ ಹಾಗೇ ಇತ್ತು. ಕ್ಲಾಸ್‌ರೂಮಿನದು ಒಂದು ಬೆರಳು ಎದ್ದಿತ್ತು. ಪ್ರಿನ್ಸಿಪಾಲರದೂ ಅಷ್ಟೇ. ಕೇತಕಿಯ ಮುಖ ಅರಳಿತು. ಅಡುಗೆಮನೆಯ ಬಾಗಿಲು ತೆಗೆದರೆ, ಹಿಟ್ಟು ಮುಚ್ಚಳ ಎತ್ತಿ, ನಾಲ್ಕೂ ಡಬ್ಬ ಇಳಿದು, ಹೊಸ ಟೈಲ್ಸಿನ ಮೇಲೆ ಬಾಗಿಲ ಕಡೆಗೆ ಹೊರಟಿದೆ! ನಮ್ಮನ್ನು ಎದುರುಗೊಳ್ಳಲು ಬಂದ ಹಾಗೆ!

‘ಹೇ ಕಸಂ ಶಕ್ಯ ಆಹೇ?’, ಇದು ಹೇಗೆ ಸಾಧ್ಯ ಎಂದ ಕೇತಕಿಗೆ ಈಗ ತನ್ನ ಕಟ್ಟಡದ ಮೇಲೇ ಅನುಮಾನ. ಬಿಸಿಗಾಳಿ ಮೇಲೆದ್ದು ಹೊರಗೆ ಹೋಗಲೆಂದು ಅಡುಗೆಮನೆಯ ಚಾವಣಿಯ ಮೇಲೆ ಚಿಮಣಿಯಂಥ ಒಂದು ಗೂಡು ಕಟ್ಟಿಸಿದ್ದಳಂತೆ. ಟೆರೇಸಿಗೆ ಓಡಿದಳು. ಪಾರಿವಾಳ ಒಳಗೆ ಬರುತ್ತವೆಂದು ಕೆಲಸದವರು ಅದರ ಬಾಯಿಗೆ ಪ್ಲೈವುಡ್ ಹೊಡೆದು, ತೆಗೆಯಲು ಮರೆತಿದ್ದರು! ಅಂದೇ ಅದನ್ನು ಕಿತ್ತು ಬಲೆ ಹಾಕಿಸಿದಳು. ಪ್ರಿನ್ಸಿಪಾಲರಿಂದ ಒಂದು ದಿನ ಹೆಚ್ಚು ಕೇಳಿ, ಮತ್ತೊಂದು ಪಾತ್ರೆ ಹಿಟ್ಟು, ಅದೇ ಡಬ್ಬ, ಅದೇ ಎತ್ತರ. ಮಂಗಳವಾರ ಹಿಟ್ಟು ಎರಡು ಬೆರಳು ಎದ್ದು ಮರ್ಯಾದೆಯಿಂದ ಕೂತಿತ್ತು. ಭಾವ ಸೈನ್ ಮಾಡಿದರು. ಮಾಡುವ ಮೊದಲು ಪೆನ್ನನ್ನು ಬೇರೆ ಕಾಗದದ ಮೇಲೆ ಗೀಚಿ ನೋಡಿದರೆನ್ನಿ!

ಜೂನಿನಲ್ಲಿ ಹೊಸ ಕ್ಯಾಂಟೀನ್ ಸುರುವಾದ ದಿನ ನಾನೂ ಹೋಗಿದ್ದೆ. ಅಕ್ಕ ಕಾವಲಿಯ ಮುಂದೆ ನಿಂತಿದ್ದಳು, ತಲೆಗೆ ಬೈರಾಸ ಇಲ್ಲದೆ. ನೋಡುತ್ತ ನೋಡುತ್ತ ನನಗೆ ಹೊಳೆಯಿತು. ಎಣ್ಣೆ ಡಬ್ಬಗಳು ಇದ್ದದ್ದು ಅಲ್ಲೇ. ಪಾತ್ರೆ ಇದ್ದದ್ದು ಅವಳ ಮುಖದ ಎತ್ತರಕ್ಕೆ.

ಹಿಂದಿನ ವರ್ಷ ಮೇ ತಿಂಗಳಲ್ಲಿ ಒಂದು ವಾರ ಅಕ್ಕನಿಗೆ ತಲೆ ಸುತ್ತುತ್ತಿತ್ತು. ಕೇಳಿದರೆ, ‘ಎಂತ ಇಲ್ಲ, ಸರಿ ಇದ್ದೇನೆ’ ಎನ್ನುತ್ತಿದ್ದಳು. ಜನ್ಮದಲ್ಲಿ ಯಾರನ್ನೂ ನಂಬದ ಭಾವ ಅದೊಂದು ಮಾತನ್ನು ನಂಬಿದ್ದರು. ಎಂಟನೆಯ ದಿನ ಅವಳು ಆ ಶೀಟಿನ ಕೆಳಗೆ, ಕಾವಲಿಯ ಪಕ್ಕದಲ್ಲೇ ಕುಸಿದು ಬಿದ್ದಳು.

ಭಾವ ಕೌಂಟರ್ ಬಿಟ್ಟು ಒಳಗೆ ಬಂದರು.

‘ಸೆಕೆ ಆಗ್ತದಾ?’

‘ಇಲ್ಲ ಮಾರಾಯ್ರೇ.’

‘ಸುಳ್ಳು ಹೇಳ್ಬೇಡ.’

ಸರದಿಯಲ್ಲಿ ನಿಂತ ಹುಡುಗರೆಲ್ಲ ನೋಡುತ್ತಿದ್ದಂತೆಯೇ ಅಂಗೈಯಿಂದ ಅವಳ ಹಣೆ ಒರೆಸಿ, ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಒಣಗಿತ್ತು.

ನಂಬಿಕೆ ಬರಲಿಲ್ಲವೋ ಏನೋ, ಇನ್ನೊಮ್ಮೆ ಒರೆಸಿದರು.