ಹಳೇ ಸಿಸ್ಟಮ್ಮೇ ಚೆನ್ನಾಗಿತ್ತು

ನಮ್ಮ ಮನೆಯ ಕಂಪ್ಯೂಟರು ನನ್ನನ್ನು ಒಂದು ಮಾತೂ ಕೇಳದೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡು ಕೂತುಬಿಟ್ಟಿತು. ಕೇಳದೆ ಎಂದರೆ ಪೂರ್ತಿ ಸತ್ಯವಲ್ಲ. ಏನೋ ಕೇಳಿತ್ತು, ನಾನು ಓದದೆ 'ಆಗಲಿ' ಎಂದು ಒತ್ತಿದ್ದೆ. (ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಕೈ ತಾನಾಗಿಯೇ 'ಆಗಲಿ' ಕಡೆಗೆ ಹೋಗುತ್ತದೆ.)

ಅಂದಿನಿಂದ ಶುರುವಾಯಿತು ನನ್ನ ವನವಾಸ. ಪರದೆಯ ಎಡಮೂಲೆಯಲ್ಲಿ ತೆಪ್ಪಗಿದ್ದ ಸ್ಟಾರ್ಟ್ ಗುಂಡಿ ನಟ್ಟನಡುವೆ ಬಂದು ಮೆರೆಯತೊಡಗಿತು. ಇದ್ದದ್ದು ಕಾಣೆಯಾಯಿತು, ಬೇಡದ್ದು ಎದುರಿಗೆ ಕುಣಿಯಿತು. ನಾನು ಮನೆಗಳ ನಕ್ಷೆ ಬರೆಯುವವನು. ಯಾರ ಮನೆಯ ಒಲೆ ಎಲ್ಲಿರಬೇಕು, ಬಚ್ಚಲ ಬಾಗಿಲು ಯಾವ ಕಡೆ ತೆರೆಯಬೇಕು ಎಂದು ನಿಂತಲ್ಲೇ ಹೇಳಬಲ್ಲೆ. ಅಂಥ ನಾನು ನನ್ನದೇ ಕಂಪ್ಯೂಟರನ್ನು ಆಫ್ ಮಾಡುವ ಜಾಗ ಹುಡುಕಿ ಹುಡುಕಿ ಸೋತು, ಗೋಡೆಯ ಪ್ಲಗ್ಗನ್ನೇ ಕಿತ್ತೆ.

"ಹಳೇದೇ ಚೆನ್ನಾಗಿತ್ತು," ಎಂದೆ. ತಿಂಡಿಗೆ ಕೂತಾಗ ಎಂದೆ, ಚಪ್ಪಲಿ ಹಾಕಿಕೊಳ್ಳುವಾಗ ಎಂದೆ. ಕೊನೆಗೆ ನಾನು "ಹಳೇ..." ಎನ್ನುವಷ್ಟರಲ್ಲಿ ಹೆಂಡತಿಯೇ "...ದೇ ಚೆನ್ನಾಗಿತ್ತು" ಎಂದು ಮುಗಿಸುವ ಹಂತಕ್ಕೆ ಬಂದೆವು.

"ಹಾಗಾದ್ರೆ ಹಳೇದನ್ನೇ ವಾಪಸ್ ಹಾಕ್ತೀನಿ ನೋಡು," ಎಂದೆ ಒಂದು ದಿನ.

"ಇರ್ಲಿ ಬಿಡ್ರಿ. ಅಮ್ಮಂಗೂ ಇದು ಅಭ್ಯಾಸ ಆಗಿದೆ," ಎಂದಳು ಅವಳು.

ಅಮ್ಮ ಎಂದರೆ ನಮ್ಮ ಅತ್ತೆ, ನಮ್ಮ ಜೊತೆಯಲ್ಲೇ ಇದ್ದಾರೆ. ಅವರಿಗೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ನಾನು ಕೇಳಬೇಕಿತ್ತು. ಕೇಳದೆ, ಅಭ್ಯಾಸಬಲದಿಂದ "ಹೂಂ" ಎಂದೆ.

ಭಾನುವಾರ ಹೆಂಡತಿಗೆ ಲೈಬ್ರರಿಯಲ್ಲಿ ಡ್ಯೂಟಿ. ಅತ್ತೆ ತಮ್ಮ ಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದರು. ಅಟ್ಟದಿಂದ ಹಳೇ ಸಿಸ್ಟಮಿನ ಡಿಸ್ಕು ಇಳಿಸಿ, ಧೂಳು ಕೊಡವಿ, ಪದಚ್ಯುತ ಮಹಾರಾಜರ ಮರುಪಟ್ಟಾಭಿಷೇಕವನ್ನು ಏಕಾಂಗಿಯಾಗಿ ನೆರವೇರಿಸಿದೆ. ಸಂಜೆಯ ಹೊತ್ತಿಗೆ ಗುಂಡಿ ಎಡಮೂಲೆಗೆ ಮರಳಿತ್ತು. ಅದನ್ನು ಸುಮ್ಮಸುಮ್ಮನೆ ಒತ್ತಿ ಒತ್ತಿ ನೋಡಿ ಸುಖಪಟ್ಟೆ.

ಮರುದಿನ ಕೆಲಸದಿಂದ ಬಂದರೆ ಅತ್ತೆ ಕಂಪ್ಯೂಟರ್ ಮುಂದೆ ಕೂತು ಒಂದೇ ಕೀಲಿಯನ್ನು ಬೆರಳಿನಿಂದ ತಟ್ಟುತ್ತಿದ್ದರು. ತಟ್ಟುವುದು, ಕಿವಿಗೊಡುವುದು, ಮತ್ತೆ ತಟ್ಟುವುದು.

"ಅಳಿಯಂದ್ರೇ, ಇದು ಮಾತು ಬಿಟ್ಟಿದೆ," ಎಂದರು.

"ಅದು ಯಾವತ್ತು ಮಾತಾಡ್ತಿತ್ತು ಅತ್ತೆ?"

"ದಿನಾ ಮಧ್ಯಾಹ್ನ ನಂಗೆ ಕಾದಂಬರಿ ಓದಿ ಹೇಳ್ತಿತ್ತಲ್ಲ. ಆ ಹೆಂಗಸು ಕಳೆದುಹೋದ ಮಗಳನ್ನ ಹುಡುಕ್ಕೊಂಡು ದೋಣಿ ಹತ್ತಿದ್ಲು. ಮೊನ್ನೆಯಿಂದ ನೀರಲ್ಲೇ ಇದ್ದಾಳೆ."

ಆಗ ತಿಳಿಯಿತು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ವಿದ್ಯೆ ಆ ಹೊಸ ಸಿಸ್ಟಮಿನಲ್ಲಿತ್ತು, ಹಳೆಯದಕ್ಕೆ ಗೊತ್ತಿರಲಿಲ್ಲ. ಅತ್ತೆಯದು ಜೀವನಪೂರ್ತಿ ಪುಸ್ತಕ ಹಿಡಿದ ಕೈ. ಕಣ್ಣು ಮಂಜಾಗಿ ಅಕ್ಷರಗಳು ಕಲಸಿಕೊಂಡ ಮೇಲೆ ಅವರು ಯಾರಿಗೂ ಏನೂ ಹೇಳದೆ ಪುಸ್ತಕ ಮುಚ್ಚಿಟ್ಟಿದ್ದರು. ನನ್ನ ಹೆಂಡತಿ ಅದನ್ನು ಗಮನಿಸಿ ಈ ಏರ್ಪಾಡು ಮಾಡಿದ್ದಳು. ನಾನು ಒಂದು ಗುಂಡಿಯ ಹಟಕ್ಕೆ ಬಿದ್ದು ಅದನ್ನು ಅಳಿಸಿಹಾಕಿದ್ದೆ. ನನಗೆ ನಿಜಕ್ಕೂ ನಾಚಿಕೆಯಾಯಿತು.

"ನಾನು ಹೇಳಿದ್ನಲ್ಲ," ಎಂದಳು ಹೆಂಡತಿ.

"ಅಭ್ಯಾಸ ಅಂದ್ಯೇ ಹೊರತು ಕಾದಂಬರಿ ಅಂದ್ಯಾ?"

"ಎರಡನೇ ಮಾತಿಗೆ ನೀವು ನಿಂತಿದ್ರೆ ತಾನೇ ಅನ್ನೋದು? ಮುಂದಿನ ಭಾನುವಾರ ಅದನ್ನೇ ವಾಪಸ್ ಹಾಕಿ. ಅಲ್ಲೀವರೆಗೂ ಆ ಹೆಂಗಸನ್ನ ನೀರಲ್ಲಿ ಬಿಡೋಕಾಗಲ್ಲ, ನೀವೇ ದಡ ಸೇರಿಸಿ."

ಹೀಗೆಂದವಳು ಮರುದಿನ ಲೈಬ್ರರಿಯಿಂದ ಅದೇ ಕಾದಂಬರಿಯ ದಪ್ಪ ಪ್ರತಿಯನ್ನು ತಂದು ನನ್ನ ಕೈಗಿತ್ತಳು.

ಸಂಜೆಯಾದರೆ ಓದು. "ಸ್ವಲ್ಪ ನಿಧಾನ," ಎನ್ನುತ್ತಿದ್ದರು ಅತ್ತೆ. "ಆ ಸಾಲು ಇನ್ನೊಂದ್ಸಲ." "ಅಲ್ಲೊಂದು ಪುಟ ಹಾರಿಸಿದ್ರಿ ಅನ್ಸತ್ತೆ." (ಹಾರಿಸಿದ್ದೆ.) ಮೊದಲ ದಿನ ನಕ್ಷೆಯ ಅಳತೆ ಒಪ್ಪಿಸಿದ ಹಾಗೆ ಓದಿದೆ. ಆಮೇಲಾಮೇಲೆ ಅಂಬಿಗನಿಗೊಂದು ಗೊಗ್ಗರು ದನಿ ತಾನಾಗಿ ಬಂತು. ತಾಯಿಗೆ ಮಗಳು ಸಿಕ್ಕಿ, ಮಗಳಿಗೆ ಗುರುತೇ ಹತ್ತದ ಕಡೆ ಓದು ನಿಲ್ಲಿಸಿದೆ. ಕೆಮ್ಮು ಬಂದವನಂತೆ ಕೆಮ್ಮಿದೆ. ಅತ್ತೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಪಾತ್ರೆ ತೊಳೆಯುತ್ತಿದ್ದ ಹೆಂಡತಿ ನಲ್ಲಿ ನಿಲ್ಲಿಸಿ ಕಿವಿಗೊಟ್ಟಿದ್ದು ನನಗೆ ಗೊತ್ತು.

ಭಾನುವಾರ ಬಂತು. ನನ್ನ ಪ್ರೀತಿಯ ಹಳೇ ಸಿಸ್ಟಮನ್ನು ನನ್ನ ಕೈಯಾರೆ ಕಿತ್ತುಹಾಕಿ ಹೊಸದನ್ನೇ ಕೂರಿಸಿದೆ. ಗುಂಡಿ ಮತ್ತೆ ನಡುವಿಗೆ ಬಂದು ನನ್ನನ್ನು ಅಣಕಿಸಿತು. ಅಣಕಿಸಲಿ, ಅತ್ತೆಯ ಮಧ್ಯಾಹ್ನಗಳಿಗಿಂತ ನನ್ನ ಗುಂಡಿ ದೊಡ್ಡದಲ್ಲ ಎಂದು ತ್ಯಾಗಮೂರ್ತಿಯಂತೆ ಎದ್ದೆ. ಇನ್ನು ಮೇಲೆ ಸಂಜೆಗಳಾದರೂ ನನ್ನವು ಎಂಬ ಸಣ್ಣ ಖುಷಿಯೂ ಒಳಗೊಳಗೇ ಇತ್ತು.

ಸೋಮವಾರ ಸಂಜೆ ಬಂದೆ. ಕಂಪ್ಯೂಟರ್ ಆರಿತ್ತು. ಅದರ ಪಕ್ಕದಲ್ಲಿ ಎರಡು ಕುರ್ಚಿ. ಒಂದರಲ್ಲಿ ಅತ್ತೆ, ಇನ್ನೊಂದರ ಮೇಲೆ ಹೊಸದೊಂದು ದಪ್ಪ ಪುಸ್ತಕ.

"ಯಾಕತ್ತೆ, ಅದು ಓದ್ತಿಲ್ವಾ?"

"ಓದತ್ತೆ. ಒಂದಕ್ಷರ ತಪ್ಪಲ್ಲ," ಎಂದರು. "ಆದ್ರೆ ಸತ್ತವರಿಗೂ ಅದೇ ದನಿ, ಹುಟ್ಟಿದವರಿಗೂ ಅದೇ ದನಿ. ಕೆಮ್ಮೋದೇ ಇಲ್ಲ." ಪಕ್ಕದ ಕುರ್ಚಿಯ ಕಡೆ ಕೈ ತೋರಿಸಿ ಹೇಳಿದರು: "ಹಳೇದೇ ಚೆನ್ನಾಗಿತ್ತು."

ಹೆಂಡತಿ ಒಂದು ಲೋಟ ಬಿಸಿನೀರು ತಂದು ನನ್ನ ಕೈಯಳತೆಯಲ್ಲಿಟ್ಟಳು. "ಗಂಟಲು ಜೋಪಾನ ರೀ," ಎಂದಳು. "ಇದು ಮೂರು ಸಂಪುಟ."

ತಿಂಗಳುಗಟ್ಟಲೆ ಆ ಮಾತನ್ನು ಮನೆತುಂಬ ಹೇಳಿಕೊಂಡು ತಿರುಗಿದವನು ನಾನೇ ತಾನೇ. ಪುಸ್ತಕ ಎತ್ತಿಕೊಂಡು ಕೂತೆ. ಅತ್ತೆ ನನ್ನ ಮೊಣಕೈಯನ್ನು ಬೆರಳಿನಿಂದ ಒಂದು ಸಲ ತಟ್ಟಿದರು. ಓದಲು ಶುರುಮಾಡಿದೆ.